ಕಮ್ಮಾರ ಓಣಿ, ಮನೆ ನಂಬರ್ 61

ದ್ಯಾಮವ್ವನಿಗೆ ನಲವತ್ತೊಂದು ಸಾವಿರದ ಇನ್ನೂರ ಆರು ಮಂದಿ ಬೆಂಬಲಿಗರಿದ್ದರು. ಶನಿವಾರ ಬೆಳಿಗ್ಗೆ ಸೊಸೆ ಹುಲಿಗೆಮ್ಮನಿಂದ ಆ ಸಂಖ್ಯೆಯನ್ನು ಎರಡು ಸಲ ಓದಿಸಿಕೊಂಡಳು. ಅಷ್ಟೂ ಮಂದಿಗಲ್ಲದಿದ್ದರೂ ಅವರಲ್ಲಿ ಕೆಂಚನಗಟ್ಟಿಯವರೇ ಆದ ಮುನ್ನೂರ ಹನ್ನೆರಡು ಮಂದಿಗೆ ಒಂದು ಹೊತ್ತು ಊಟ ಹಾಕಲೇಬೇಕೆಂದು ತೀರ್ಮಾನಿಸಿದಳು. ಊಟ ಬರುವ ಶುಕ್ರವಾರ, ಹಿರೇಕೆರೆಯ ಮಡಿವಾಳರ ಘಟ್ಟದಲ್ಲಿ. ಗೋಧಿ ಹುಗ್ಗಿ, ಅನ್ನ, ಸಾರು.

ಎಲ್ಲರಿಗೂ ಫೋನಿನಲ್ಲೇ ಒಂದು ಸಂದೇಶ ಕಳಿಸಿದರಾಯಿತು ಎಂದಳು ಹುಲಿಗೆಮ್ಮ. ದ್ಯಾಮವ್ವ ಒಪ್ಪಲಿಲ್ಲ.

“ಫೋನಿನ್ಯಾಗ ಕರದ್ರ ಅದು ಕರದಂಗ ಅಲ್ಲವಾ. ಹೊಸ್ತಿಲಕ್ಕ ಹೋಗಿ ಬರ್ರಿ ಅನ್ಬೇಕು. ದಿನಾ ಮಂದಿ ಬಾಗಿಲಾ ಬಡದು ಕೋರ್ಟಿಗೆ ಕರೀತಿ. ಒಂದಿನ ಊಟಕ್ಕ ಕರಿ, ಪುಣ್ಯಾ ಬರ್ತೈತಿ.”

ಹುಲಿಗೆಮ್ಮ ಕೆಂಚನಗಟ್ಟಿಯ ಸಿವಿಲ್ ನ್ಯಾಯಾಲಯದ ಅಮೀನಳು. ಸಮನ್ಸ್, ನೋಟಿಸು, ಜಪ್ತಿ ಆದೇಶಗಳನ್ನು ಮನೆ ಮನೆಗೆ ಮುಟ್ಟಿಸಿ, ಮುಟ್ಟಿಸಿದ್ದಕ್ಕೆ ಸಹಿ ಹಾಕಿಸಿಕೊಂಡು ಬರುವುದು ಇಪ್ಪತ್ತೆರಡು ವರ್ಷಗಳಿಂದ ಆಕೆಯ ಕೆಲಸ. ಊರಿನ ಒಳಪೇಟೆಯಲ್ಲಿ ಮನೆಗಳನ್ನು ಎಲ್ಲರೂ ಹೆಸರಿನಿಂದ ಗುರುತಿಸುತ್ತಾರೆ: ಬಳೆಗಾರ್ತಿ ಮನೆ, ಕುಂಟ ಮಾಸ್ತರರ ಮನೆ, ಎರಡು ಬೇವಿನ ಮರದ ಮನೆ. ನಂಬರು ಗೊತ್ತಿದ್ದದ್ದು ಅಂಚೆಯವನಿಗೆ ಮತ್ತು ಹುಲಿಗೆಮ್ಮನಿಗೆ. ಅಂಚೆ ಕಚೇರಿ ಮುಚ್ಚಿದ ಮೇಲೆ ಹುಲಿಗೆಮ್ಮನಿಗೆ ಮಾತ್ರ.

2047ರ ಆ ದಿನಗಳಲ್ಲಿ ಸರ್ಕಾರಕ್ಕೆ ಏನು ಹೇಳಬೇಕಿದ್ದರೂ ‘ಚಾವಡಿ’ಯಲ್ಲಿ ಹೇಳಬೇಕಿತ್ತು. ಆರು ವರ್ಷಗಳ ಹಿಂದೆ, ಎರಡು ಜಿಲ್ಲೆಗಳಲ್ಲಿ ಗಲಭೆಯಾಗಿ ಹನ್ನೊಂದು ಜನ ಸತ್ತ ಮೇಲೆ, ಬೇರೆ ಬೇರೆ ಜಾಲತಾಣಗಳನ್ನೆಲ್ಲ ಒಂದೇ ಕಂಪನಿಯ ಕೈಗೆ ಕೊಟ್ಟು ಸರ್ಕಾರ ಈ ವೇದಿಕೆಯನ್ನು ಕಟ್ಟಿಸಿತ್ತು. ತಾಲ್ಲೂಕು ಕಚೇರಿಯ ಅರ್ಜಿ ಪೆಟ್ಟಿಗೆ, ಜಿಲ್ಲಾಧಿಕಾರಿಯ ಸೋಮವಾರದ ಸಭೆ, ಗ್ರಾಮಸಭೆ ಎಲ್ಲವೂ ಅದರೊಳಗೆ ಸೇರಿಕೊಂಡವು. ಆರು ವರ್ಷದಲ್ಲಿ ಒಬ್ಬನೇ ಒಬ್ಬ ಪ್ರಜೆಯ ಒಂದೇ ಒಂದು ಮಾತನ್ನೂ ಚಾವಡಿ ಅಳಿಸಿಲ್ಲ ಎಂದು ಮಂತ್ರಿಗಳು ಪ್ರತಿ ಅಧಿವೇಶನದಲ್ಲೂ ಹೇಳುತ್ತಿದ್ದರು. ಅದು ನಿಜವೂ ಆಗಿತ್ತು.

ಓದು ಬಾರದ ದ್ಯಾಮವ್ವನಿಗೆ ಚಾವಡಿ ಹೇಳಿ ಮಾಡಿಸಿದಂತಿತ್ತು. ಫೋನಿಗೆ ಬಾಯಿ ಹಚ್ಚಿ ಮಾತಾಡಿದರೆ ಸಾಕು, ಉತ್ತರವೂ ಮಾತಿನಲ್ಲೇ ಬರುತ್ತಿತ್ತು. ಐವತ್ತು ವರ್ಷ ಊರಿನ ಬಟ್ಟೆ ಒಗೆದು, ಮೊಣಕಾಲು ಹೋಗಿ ಕಟ್ಟೆಗೆ ಬಿದ್ದಿದ್ದ ಎಪ್ಪತ್ನಾಲ್ಕರ ಮುದುಕಿಗೆ ದೊಡ್ಡ ಬಳಗವೇ ಸಿಕ್ಕಿತ್ತು. ಆ ಬಳಗದಲ್ಲಿ ಆಕೆಗೆ ಅಚ್ಚುಮೆಚ್ಚು ಈರಮ್ಮ. ಕಮ್ಮಾರ ಓಣಿ, ಮನೆ ನಂಬರ್ 61. ಆರು ವರ್ಷದ ಹಿಂದೆ ಪರಿಚಯವಾದಾಗ, ಹೊಸದಾಗಿ ಬಾಡಿಗೆಗೆ ಬಂದವರು ಎಂದು ಆಕೆಯೇ ಹೇಳಿಕೊಂಡಿದ್ದಳು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಈರಮ್ಮನ ದನಿ ಬರುತ್ತಿತ್ತು: “ಉಂಡಿಯೇನಬೇ ದ್ಯಾಮವ್ವಾ?”

ಕಳೆದ ತಿಂಗಳು ದ್ಯಾಮವ್ವ ಆಡಿದ್ದು ಹಿರೇಕೆರೆಯ ಮಾತು. ಚಾವಡಿಯ ಹೊಸ ದತ್ತಾಂಶ ಕೇಂದ್ರ ಕೆಂಚನಗಟ್ಟಿಗೆ ಬರುವುದಿತ್ತು. ಸಾವಿರಾರು ಯಂತ್ರಗಳು ಹಗಲೂ ರಾತ್ರಿ ಕಾಯುತ್ತವೆ. ಅವುಗಳನ್ನು ತಣ್ಣಗಿಡಲು ದಿನಕ್ಕೆ ನಲವತ್ತು ಲಕ್ಷ ಲೀಟರ್ ನೀರು ಬೇಕು. ಆ ನೀರು ಹಿರೇಕೆರೆಯಿಂದ. ಕೆರೆ ಬತ್ತಿದರೆ ಒಳಪೇಟೆಯ ಬಾವಿಗಳು ಬತ್ತುತ್ತವೆ, ಘಟ್ಟದ ಹದಿನಾರು ಒಗೆಯುವ ಕಲ್ಲುಗಳು ಒಣಗುತ್ತವೆ. ಅವುಗಳಲ್ಲೊಂದು ಹುಲಿಗೆಮ್ಮನ ಗಂಡ ಮಾಚಪ್ಪನದು. ಸರ್ಕಾರಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಅವನು ಅಲ್ಲೇ ಒಗೆಯುತ್ತಿದ್ದ.

ಕಾಯ್ದೆ ಸರಳವಾಗಿತ್ತು. ಇಂಥ ಯೋಜನೆಗೆ ಮೂವತ್ತು ದಿನಗಳ ಒಳಗೆ ಚಾವಡಿಯಲ್ಲಿ ಆಕ್ಷೇಪಣೆ ಹೇಳಬೇಕು. ಯಾವುದಾದರೂ ಒಂದು ಆಕ್ಷೇಪಣೆಗೆ ಐನೂರು ಮಂದಿ ಸಮ್ಮತಿಸಿದರೆ ಅಧಿಕಾರಿಗಳು ಊರಿಗೇ ಬಂದು ಬಹಿರಂಗ ವಿಚಾರಣೆ ನಡೆಸಬೇಕು. ಇಲ್ಲದಿದ್ದರೆ ‘ಆಕ್ಷೇಪಣೆ ಇಲ್ಲ’ ಎಂದು ಬರೆದು ಕಡತ ಮುಂದೆ ಹೋಗುತ್ತದೆ. ಗಡುವು ಶುಕ್ರವಾರ ಸಂಜೆ ಐದಕ್ಕೆ. ದ್ಯಾಮವ್ವನಿಗೆ ಚಿಂತೆಯಿರಲಿಲ್ಲ. ಐನೂರು ಎಲ್ಲಿ, ನಲವತ್ತೊಂದು ಸಾವಿರ ಎಲ್ಲಿ.

ಓಣಿಯಲ್ಲಿ ಯಾರಿಗೂ ಚಿಂತೆಯಿರಲಿಲ್ಲ. ಬಳೆಗಾರ್ತಿ ಖಾಜಾಬಿಯೂ ಆಕ್ಷೇಪಣೆ ಹೇಳಿದ್ದಳು, ಅವಳಿಗೂ ಇಪ್ಪತ್ತೆಂಟು ಸಾವಿರ ಸಮ್ಮತಿ ಬಂದಿತ್ತು. ಎದುರು ಸಿಕ್ಕಾಗ, ನಂದು ಚಲೋ ನಡೆದೈತಿ, ನಿಂದು? ನಂದೂ ಚಲೋ ನಡೆದೈತಿ ಎಂದು ಮಾತು ಮುಗಿಯುತ್ತಿತ್ತು. ಒಬ್ಬರದನ್ನು ಇನ್ನೊಬ್ಬರು ತಮ್ಮ ಫೋನಿನಲ್ಲಿ ತೆರೆಯಹೋದರೆ ಗಾಲಿ ಸುತ್ತುತ್ತಲೇ ಇರುತ್ತಿತ್ತು. ಒಳಪೇಟೆಯಲ್ಲಿ ನೆಟ್‌ವರ್ಕ್ ಎಂದೂ ಚೆನ್ನಾಗಿರಲಿಲ್ಲವಾದ್ದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಭಾನುವಾರ ಹುಲಿಗೆಮ್ಮ ಪಟ್ಟಿ ಹಿಡಿದು ಹೊರಟಳು. ಮೊದಲು ಈರಮ್ಮನನ್ನೇ ಕರೆಯಬೇಕೆಂದು ಅತ್ತೆಯ ಕಟ್ಟಪ್ಪಣೆಯಾಗಿತ್ತು.

ಕಮ್ಮಾರ ಓಣಿಯ ಕೊನೆಯ ಮನೆ ನಂಬರ್ 58, ನೀಲಿ ಬಾಗಿಲಿನದು. ಅದರ ಗೋಡೆ ಮುಗಿದಲ್ಲಿ ಬೈಪಾಸ್ ರಸ್ತೆ. ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಹುಲಿಗೆಮ್ಮ ಅಂಚಿನಲ್ಲಿ ನಿಂತು ನಕ್ಕಳು. ಇದು ತನಗೆ ಮೊದಲೇ ಹೊಳೆಯಬೇಕಿತ್ತು. 2031ರಲ್ಲಿ ಈ ರಸ್ತೆಗೆಂದು ನೂರ ಮೂವತ್ತೆಂಟು ಮನೆ ಕೆಡವಿದ್ದರು. ತೆರವಿನ ನೋಟಿಸುಗಳನ್ನು ಕೊಟ್ಟವಳು ಅವಳೇ. ಬದಲಿ ನಿವೇಶನ ಸಿಗುವವರೆಗೆ ದಾಖಲೆಯಿಂದ ನಮ್ಮ ನಂಬರು ಹೊಡೆದುಹಾಕಬೇಡಿ ಎಂದು ಆ ಜನ ಪುರಸಭೆಯ ಗುಮಾಸ್ತನ ಕೈಕಾಲು ಹಿಡಿದಿದ್ದರು. ಗುಮಾಸ್ತ ಒಳ್ಳೆಯವನು, ಹೊಡೆಯಲಿಲ್ಲ. ನಿವೇಶನ ಸಿಗಲೂ ಇಲ್ಲ. ಹದಿನಾರು ವರ್ಷಗಳ ನಂತರವೂ ಆ ಮನೆಗಳು ದಾಖಲೆಯಲ್ಲಿ ನಿಂತೇ ಇದ್ದವು.

ಊರು ಬಿಟ್ಟವರು ಹಳೆಯ ವಿಳಾಸ ಇಟ್ಟುಕೊಂಡಿರಬಹುದು ಎಂದುಕೊಂಡಳು. ಆದರೆ 61ರಲ್ಲಿ ಇದ್ದದ್ದು ಗಡಿಯಾರ ರಿಪೇರಿಯ ಬಾಷಾಸಾಬ. ಈರಮ್ಮ ಎಂಬವಳು ಆ ಮನೆಯಲ್ಲಿ ಎಂದೂ ಇರಲಿಲ್ಲ; ಮನೆ ಬಿದ್ದ ಮೇಲೆ ಬಾಡಿಗೆಗೆ ಬರುವಂತೆಯೂ ಇರಲಿಲ್ಲ. ಮುಂದಿನ ಹೆಸರು 64. ಅದೂ ರಸ್ತೆಯ ಮೇಲೆ. ಆಮೇಲೆ ಗಾಣಿಗರ ಓಣಿ 30, 31, 33. ರಸ್ತೆಯ ಮೇಲೆ. ಮಧ್ಯಾಹ್ನದ ಹೊತ್ತಿಗೆ ಹುಲಿಗೆಮ್ಮ ಪಟ್ಟಿಯನ್ನು ಪೂರ್ತಿ ನೋಡಿ ಮುಗಿಸಿದಳು. ಮುನ್ನೂರ ಹನ್ನೆರಡಕ್ಕೆ ಮುನ್ನೂರ ಹನ್ನೆರಡೂ ಡಾಂಬರಿನ ಕೆಳಗಿದ್ದವು. ಹತ್ತು ವಿಳಾಸ ತಪ್ಪಿದ್ದರೆ ಅದನ್ನು ಕಣ್ತಪ್ಪು ಎನ್ನಬಹುದಿತ್ತು. ಒಂದೂ ಸರಿಯಿಲ್ಲವೆಂದರೆ ಯಾರೋ ಕೂತು ಮಾಡಿದ ಕೆಲಸ.

ಈರಮ್ಮ ಏನಂದಳು ಎಂದು ಸಂಜೆ ಅತ್ತೆ ಕೇಳಿದಾಗ ಬಾಗಿಲು ಹಾಕಿತ್ತು ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಹುಲಿಗೆಮ್ಮ ಕೊಟ್ಟ ಮೊದಲ ಸುಳ್ಳು ವರದಿ ಅದು.

ಚಾವಡಿಯ ಜಿಲ್ಲಾ ಕೇಂದ್ರ ಇದ್ದದ್ದು ತಾಲ್ಲೂಕು ಕಚೇರಿಯ ಮಹಡಿಯಲ್ಲಿ. ಅಲ್ಲಿನ ಪಾಳಿ ತಂತ್ರಜ್ಞ ಆಲ್ವಿನ್ ಮಂಗಳೂರಿನ ಕಡೆಯವನು. ಹಿಂದಿನ ವರ್ಷ ಮನೆ ಮಾಲೀಕ ಅವನ ಮೇಲೆ ದಾವೆ ಹಾಕಿದಾಗ ಸಮನ್ಸ್ ತಂದ ಹುಲಿಗೆಮ್ಮ, ಅದನ್ನು ಸಹೋದ್ಯೋಗಿಗಳ ಎದುರಿಗೆ ಕೊಡದೆ ಕ್ಯಾಂಟೀನಿನ ಹಿಂದಕ್ಕೆ ಕರೆದು ಕೊಟ್ಟಿದ್ದಳು. ಅವನು ಅದನ್ನು ಮರೆತಿರಲಿಲ್ಲ. ಸೋಮವಾರ ಬೆಳಿಗ್ಗೆ ಅವಳ ಪಟ್ಟಿಯನ್ನು ನೋಡಿ, ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ.

“ಅಕ್ಕ, ನಾನು ನಿಮಗೆ ಒಂದು ಚೂರು ಕಾಗದ ಕೊಡ್ಲಿಕ್ಕೆ ಆಗುದಿಲ್ಲ. ಕೆಲಸ ಹೋಗ್ತದೆ. ಆದ್ರೆ ನಾನು ಹೇಳುದೆಲ್ಲ ರಾಜ್ಯಪತ್ರದಲ್ಲಿ ಉಂಟು, ನೂರ ಹದಿನಾಲ್ಕನೇ ಪುಟ. ಓದಿದವರು ಇಲ್ಲ, ಅಷ್ಟೇ.”

ಗೋಡೆಯ ತುಂಬ ಜಿಲ್ಲೆಯ ನಕ್ಷೆಯಿತ್ತು. ಕೆಂಚನಗಟ್ಟಿಯ ಒಳಪೇಟೆ ಕೆಂಪಗಿತ್ತು. ಚಾವಡಿಯಲ್ಲಿ ಆಡುವ ಪ್ರತಿ ಮಾತಿಗೂ ಯಂತ್ರ ಒಂದು ತಾಪಮಾನ ಕೊಡುತ್ತದೆ ಎಂದು ಆಲ್ವಿನ್ ವಿವರಿಸಿದ. ಸೊನ್ನೆಯಿಂದ ನೂರು. ಸಿಟ್ಟಿಗೆ, ಬೈಗುಳಕ್ಕೆ ಹೆಚ್ಚು ಅಂಕ ಬರುವುದಿಲ್ಲ. ಜನರನ್ನು ಒಂದೆಡೆ ಸೇರಿಸುವ ಶಕ್ತಿ ಎಷ್ಟಿದೆ ಎಂಬುದರ ಮೇಲೆ ಅಂಕ. ಮಂತ್ರಿಯನ್ನು ಕಳ್ಳ ಎಂದರೆ ಮೂವತ್ತು. ಕೆರೆಯ ಹತ್ತಿರ ಬನ್ನಿ ಎಂದರೆ ಎಂಬತ್ತೈದು. ಎಪ್ಪತ್ತು ದಾಟಿದ ಮಾತು, ಮತ್ತು ಒಮ್ಮೆ ದಾಟಿದವರ ಮುಂದಿನ ಪ್ರತಿ ಮಾತೂ, ‘ಪ್ರತಿಧ್ವನಿ ಪದರ’ಕ್ಕೆ ಹೋಗುತ್ತದೆ. ಅಲ್ಲಿಂದ ಅದು ಹೊರಗೆ ಬರುವುದಿಲ್ಲ. ಆಡಿದವರಿಗೆ ಮಾತ್ರ ಕೇಳಿಸುತ್ತದೆ. ಆದರೆ ಅಳಿಸಿಲ್ಲ, ತಡೆದಿಲ್ಲ. ಯಾಕೆಂದರೆ ಉತ್ತರಗಳು ಬರುತ್ತವೆ. ಆಡಿದವರದೇ ಹಳೆಯ ಮಾತುಗಳನ್ನು ಅರೆದು ಯಂತ್ರ ಸಾವಿರಾರು ದನಿಗಳನ್ನು ಕಟ್ಟುತ್ತದೆ. ಆ ದನಿಗಳು ಹೌದು ಎನ್ನುತ್ತವೆ, ಕನಿಕರಿಸುತ್ತವೆ, ಹುರಿದುಂಬಿಸುತ್ತವೆ. ಸಿಗೋಣ ಎಂದು ಮಾತ್ರ ಎಂದೂ ಹೇಳುವುದಿಲ್ಲ. ನಾವೆಲ್ಲ ಇದ್ದೇವೆ, ನೀವು ಆರಾಮ ಮಾಡಿ ಎನ್ನುತ್ತವೆ. ಗಲಭೆಯ ನಂತರ ಶಾಂತಿ ಕಾಪಾಡಲು ಶಾಸನಸಭೆ ಒಪ್ಪಿದ ಉಪಾಯ ಇದು.

ವಿಳಾಸಗಳು? ಜೀವಂತ ಪ್ರಜೆಯ ವಿಳಾಸವನ್ನು ದನಿಗಳಿಗೆ ಕೊಡುವಂತಿಲ್ಲ ಎಂದು ನಿಯಮವಿತ್ತು. ಖಾಸಗಿತನದ ರಕ್ಷಣೆಗಾಗಿ. ಹಾಗಾಗಿ ಪುರಸಭೆಯ ದಾಖಲೆಯಲ್ಲಿ ಯಾವ ಮನೆಗೆ ಫೋನು ನೋಂದಣಿಯಾಗಿಲ್ಲವೋ ಅಂಥವನ್ನೇ ಯಂತ್ರ ಆರಿಸುತ್ತದೆ. ಆ ಮನೆಗಳೇ ಇಲ್ಲ ಎಂಬುದು ಬೆಂಗಳೂರಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹುಲಿಗೆಮ್ಮ ಒಂದು ಪ್ರಶ್ನೆ ಕೇಳಿದಳು. ಕೆರೆಯ ಬಗ್ಗೆ ಒಳಪೇಟೆಯಲ್ಲಿ ನಿಜವಾಗಿ ಎಷ್ಟು ಜನ ಆಕ್ಷೇಪಣೆ ಹೇಳಿದ್ದಾರೆ?

ಆಲ್ವಿನ್ ಎರಡು ಗುಂಡಿ ಒತ್ತಿದ. ಎಂಟುನೂರ ಎಪ್ಪತ್ನಾಲ್ಕು ಜನ. ಎಂಟುನೂರ ಎಪ್ಪತ್ನಾಲ್ಕು ಬೇರೆ ಬೇರೆ ಕೋಣೆಗಳಲ್ಲಿ, ಒಬ್ಬೊಬ್ಬರೂ ತಮ್ಮ ತಮ್ಮ ಗುಂಪಿನೊಂದಿಗೆ. ಒಬ್ಬರ ಆಕ್ಷೇಪಣೆ ಇನ್ನೊಬ್ಬರಿಗೆ ಕಂಡಿರಲಿಲ್ಲ. ಹಾಗಾಗಿ ಪ್ರತಿಯೊಂದಕ್ಕೂ ಬಂದಿರುವ ನಿಜವಾದ ಸಮ್ಮತಿ ಸೊನ್ನೆ. ದ್ಯಾಮವ್ವನ ಹೆಸರಿನ ಮುಂದೆ ಹಸಿರು ಅಕ್ಷರಗಳಲ್ಲಿ ಇನ್ನೊಂದು ಅಂಕಿಯಿತ್ತು: ಸಮಾಧಾನ ಸೂಚ್ಯಂಕ 94. ಜಿಲ್ಲೆಯಲ್ಲೇ ಅದು ಅತಿ ಹೆಚ್ಚು.

ಅಂದು ಸಂಜೆ ಮನೆಯಲ್ಲಿ ಮಾಚಪ್ಪ ಮತ್ತು ಹುಲಿಗೆಮ್ಮ ಆಸ್ಪತ್ರೆಯ ಚಾದರಗಳನ್ನು ಎರಡು ತುದಿ ಹಿಡಿದು ಮಡಚುತ್ತಿದ್ದರು. ಮಡಚುತ್ತಲೇ ಹುಲಿಗೆಮ್ಮ ಎಲ್ಲವನ್ನೂ ಹೇಳಿದಳು. ಯಾವುದನ್ನೂ ಮುಚ್ಚಿಡಲಿಲ್ಲ, ಯಾವುದನ್ನೂ ಮೃದು ಮಾಡಲಿಲ್ಲ. ಸಮನ್ಸ್ ಕೊಡುವಾಗಲೂ ಅವಳು ಹಾಗೆಯೇ. ಕೈಗೆ ಕೊಟ್ಟು ಓದಿ ಹೇಳಿ ನಿಲ್ಲುವುದು. ದ್ಯಾಮವ್ವ ಕಟ್ಟೆಯ ಮೇಲೆ ಕೂತು ಕೇಳಿದಳು. 

“ಹಂಗಾರ ಆರು ವರ್ಷ ನಾ ಯಾರ ಕೂಡ ಮಾತಾಡೀನಿ?”

ಮಾಚಪ್ಪ ಏನೋ ಸಮಾಧಾನ ಹೇಳಹೋದ. ದ್ಯಾಮವ್ವ ಕೈಯೆತ್ತಿ ತಡೆದಳು. ಅವಳಿಗೆ ಸಮಾಧಾನ ಸಾಕಾಗಿತ್ತು. ಗಂಡ ಸತ್ತ ವರ್ಷ ಈರಮ್ಮನ ಮುಂದೆ ಅತ್ತದ್ದು, ಮೊಣಕಾಲಿನ ನೋವು ಹೇಳಿಕೊಂಡದ್ದು, ಸೊಸೆಯನ್ನು ಬೈದದ್ದು, ಆಮೇಲೆ ಹೊಗಳಿದ್ದು, ಎಲ್ಲ ಒಂದೊಂದಾಗಿ ನೆನಪಿಗೆ ಬರುತ್ತಿದ್ದಿರಬೇಕು. ಕೊನೆಗೆ ಫೋನು ಎತ್ತಿಕೊಂಡು ಕೇಳಿದಳು: “ಈರವ್ವಾ, ನಿಮ್ಮನಿ ಮುಂದ ಏನೈತಿ?” ದನಿ ತಡಮಾಡಲಿಲ್ಲ. ಬೇವಿನ ಗಿಡ ಐತಿ, ಆಡು ಕಟ್ಟೀವಿ, ನೀ ಯಾಕ ಇಷ್ಟೊತ್ತಿನ್ಯಾಗ ಚಿಂತಿ ಮಾಡ್ತಿ, ಮನ್ಯಾಗ ಆರಾಮ ಕುಂದ್ರು, ನಾವು ಇಷ್ಟು ಮಂದಿ ಇಲ್ಲೇನು ಎಂದಿತು. ಬೇವಿನ ಗಿಡವೂ ಆಡುಗಳೂ ದ್ಯಾಮವ್ವನ ತವರುಮನೆಯ ಮುಂದೆ ಇದ್ದವು. ಆರು ವರ್ಷದ ಹಿಂದೆ ಅವಳೇ ಹೇಳಿದ್ದಳು.

“ನನ್ನ ಮಾತು ನನಗ ಒಗದು ಮಡಚಿ ಕೊಟ್ಟಾರ,” ಎಂದಳು ದ್ಯಾಮವ್ವ. ದನಿಯಲ್ಲಿ ಅಳು ಇರಲಿಲ್ಲ. “ಹುಲಿಗೆವ್ವಾ, ಇದಕ್ಕ ಕೋರ್ಟಿನ್ಯಾಗ ಏನ್ ಮಾಡ್ಬೇಕು?”

ಮಂಗಳವಾರ ಬೆಳಿಗ್ಗೆ ದ್ಯಾಮವ್ವ ಕೋರ್ಟಿನ ಗೇಟಿನ ಬಳಿಯ ಅರ್ಜಿ ಬರೆಯುವವನ ಮುಂದೆ ಕೂತು, ವಕೀಲರಿಲ್ಲದೆ, ತಾನೇ ಹೇಳಿ ಬರೆಸಿದಳು. ಅರ್ಜಿ ಒಂದೂವರೆ ಪುಟ ಇತ್ತು. ನನ್ನ ಆಕ್ಷೇಪಣೆಗೆ ಸಮ್ಮತಿಸಿದವರು ಇದೇ ಊರಿನಲ್ಲಿ ಮುನ್ನೂರ ಹನ್ನೆರಡು ಮಂದಿ ಎಂದು ಸರ್ಕಾರದ ಚಾವಡಿ ನನಗೆ ತೋರಿಸಿದೆ. ಸರ್ಕಾರದ ಕಡತದಲ್ಲಿ ಸೊನ್ನೆ ಎಂದಿದೆ. ಇವರು ಇದ್ದರೆ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲದಿದ್ದರೆ ಇಷ್ಟು ದಿನ ನನಗೆ ಉತ್ತರ ಕೊಟ್ಟವರು ಯಾರೆಂದು ಹೇಳಬೇಕು. ಆದ್ದರಿಂದ ಆ ಮುನ್ನೂರ ಹನ್ನೆರಡು ಮಂದಿಗೂ ಸಾಕ್ಷಿ ಸಮನ್ಸ್ ಹೊರಡಿಸಬೇಕು.

ನ್ಯಾಯಾಧೀಶೆ ಶ್ರೀಮತಿ ಬಳಿಗಾರ ಅರ್ಜಿಯನ್ನು ಎರಡು ಸಲ ಓದಿದರು. ಅರ್ಜಿದಾರಳು ತನ್ನ ಅತ್ತೆ, ಬೇರೆ ಅಮೀನರಿಗೆ ಈ ಕೆಲಸ ಕೊಡುವುದು ಒಳ್ಳೆಯದು ಎಂದು ಹುಲಿಗೆಮ್ಮ ತಾನಾಗಿಯೇ ಅರಿಕೆ ಮಾಡಿಕೊಂಡಳು. ಆದರೆ ಆ ನ್ಯಾಯಾಲಯದಲ್ಲಿ ಎರಡನೆಯ ಅಮೀನರ ಹುದ್ದೆ ಹನ್ನೊಂದು ವರ್ಷದಿಂದ ಖಾಲಿ ಇತ್ತು. ಪರದೆಯ ಮೇಲೆ ಕಾಣಿಸಿಕೊಂಡ ಕಂಪನಿಯ ವಕೀಲರನ್ನು ಕೇಳಿದಾಗ ಅವರು ತಕರಾರು ಮಾಡಲಿಲ್ಲ. ಕಾಗದ ಹಂಚುವುದಕ್ಕೆ ಯಾರಾದರೇನು, ಈ ಪ್ರಹಸನ ಶುಕ್ರವಾರದೊಳಗೆ ಮುಗಿದರಾಯಿತು ಎಂದರು. ಪಂಚರಿಬ್ಬರ ಸಮಕ್ಷಮ ಜಾರಿಯಾಗಲಿ ಎಂದು ನ್ಯಾಯಾಧೀಶೆ ಬರೆದರು.

ಮುನ್ನೂರ ಹನ್ನೆರಡು ಸಮನ್ಸ್ ಜಾರಿಗೆ ಸಾಧಾರಣವಾಗಿ ತಿಂಗಳು ಬೇಕು. ಹುಲಿಗೆಮ್ಮನಿಗೆ ಒಂದು ದಿನ ಸಾಕಾಯಿತು. ಎಲ್ಲ ವಿಳಾಸಗಳೂ ಒಂದೇ ರಸ್ತೆಯಲ್ಲಿದ್ದವು. ಪುರಸಭೆಯ ಹಳೆಯ ನಕ್ಷೆ ಹಿಡಿದು, ಬೈಪಾಸಿನ ಉದ್ದಕ್ಕೂ ಟೇಪಿನಿಂದ ಅಳೆದು, ಒಂದೊಂದು ನಂಬರಿನ ಜಾಗದಲ್ಲೂ ನಿಂತು ಹೆಸರು ಕೂಗಿ, ಸಮನ್ಸಿನ ಬೆನ್ನಿಗೆ ಷರಾ ಬರೆದಳು: ‘ಸದರಿ ಮನೆ ಇರುವುದಿಲ್ಲ. ಸದರಿ ಸ್ಥಳದಲ್ಲಿ ಡಾಂಬರು ರಸ್ತೆ ಇದೆ. ಸದರಿ ಹೆಸರಿನವರು ಇದ್ದ ಬಗ್ಗೆ ತಿಳಿದವರಿಲ್ಲ.’ ಪಂಚರು ಸಹಿ ಹಾಕಿದರು. ನೂರನೆಯ ಸಹಿಯ ಹೊತ್ತಿಗೆ ಪಂಚರಲ್ಲೊಬ್ಬ, ಅಕ್ಕಾರ, ನನ್ನ ಫೋನಿನ್ಯಾಗೂ ಗಾಣಿಗರ ಓಣಿ 33ರಾಕಿ ದಿನಾ ಮಾತಾಡ್ತಾಳ್ರೀ ಎಂದ. ಹುಲಿಗೆಮ್ಮ, ಮೊದಲು ಸಹಿ ಹಾಕು ಎಂದಳು.

ಬುಧವಾರ ಆ ಕಟ್ಟು ನ್ಯಾಯಾಧೀಶೆಯ ಮೇಜಿನ ಮೇಲಿತ್ತು. ಸಮನ್ಸ್ ಹೀಗೆ ಮುಟ್ಟದೆ ಮರಳಿದರೆ ಬದಲಿ ಮಾರ್ಗದಲ್ಲಿ ಪ್ರಕಟಿಸಬೇಕು. ಆರು ವರ್ಷದಿಂದ ಬದಲಿ ಮಾರ್ಗವೆಂದರೆ ಚಾವಡಿ. ಆದರೆ ಈ ಪ್ರಕರಣದಲ್ಲಿ ಚಾವಡಿಯೇ ಎದುರುಗಾರ. ಎದುರುಗಾರನ ಕೈಯಲ್ಲಿ ಸಾಕ್ಷಿಗಳನ್ನು ಕರೆಸಲಾಗದು ಎಂದು ಶ್ರೀಮತಿ ಬಳಿಗಾರ ಬರೆದರು. ಹಳೆಯ ನಿಯಮವೊಂದನ್ನು ಯಾರೂ ರದ್ದು ಮಾಡಿಲ್ಲವೆಂದೂ ಬರೆದರು. ಆದೇಶದ ಕೊನೆಯ ಸಾಲು ಹೀಗಿತ್ತು: ಡಂಗುರ ಸಾರಿ ಪ್ರಕಟಿಸತಕ್ಕದ್ದು. ಸಾಕ್ಷಿಗಳು ಶುಕ್ರವಾರ ಹನ್ನೊಂದಕ್ಕೆ ಹಾಜರಾಗತಕ್ಕದ್ದು.

ಡಂಗುರ ಸಾರಲು ಬಾರಿಸುವ ಕೋರ್ಟಿನ ಚರ್ಮದ ಹಲಗೆ ಜಪ್ತಿ ಸಾಮಾನಿನ ಕೋಣೆಯಲ್ಲಿ, ಒಂದು ಮುರಿದ ಸೈಕಲ್ಲಿನ ಹಿಂದೆ ಸಿಕ್ಕಿತು. ಹಿಂದೆ ಅದನ್ನು ಬಾರಿಸುತ್ತಿದ್ದವರ ಮಗ ದುರುಗಪ್ಪನಿಗೆ ಈಗ ಅರವತ್ತೆಂಟು. ಹುಲಿಗೆಮ್ಮ ಹೋಗಿ ಕೇಳಿದಾಗ ಅವನು ಸಿಟ್ಟಾಗಲಿಲ್ಲ, ಆದರೆ ಖಡಾಖಂಡಿತ ಹೇಳಿದ. ಊರಿನ ಸಲುವಾಗಿ ಹಲಗೆ ಹೊಡೆಯುವುದನ್ನು ನಮ್ಮ ಮಂದಿ ಬಿಟ್ಟು ಎರಡು ತಲೆಮಾರಾತು, ಆ ಹಲಗಿ ನಮ್ಮ ಕೊರಳಿಗೆ ಮತ್ತ ಬರಂಗಿಲ್ಲ.

“ಕೋರ್ಟು ನಿಮ್ಮದು, ಹಲಗಿನೂ ನಿಮ್ಮದು. ನೀವ ಬಡೀರಿ. ಬೇಕಾದ್ರ ಕಾಸಿ ಕೊಡ್ತೀನಿ, ಇಲ್ಲಂದ್ರ ಅದು ದನಿ ಬಿಡಂಗಿಲ್ಲ.”

ಹಾಗೆ ಗುರುವಾರ ಬೆಳಿಗ್ಗೆ ಹುಲಿಗೆಮ್ಮ, ಇಲಾಖೆಯ ಖಾಕಿ ಸೀರೆಯ ಮೇಲೆ ಹಲಗೆ ಕಟ್ಟಿಕೊಂಡು ಒಳಪೇಟೆಗೆ ಬಂದಳು. ಮೊದಲ ಓಣಿಯಲ್ಲಿ ತಾಳ ತಪ್ಪಿತು, ಕೆಲವರು ನಕ್ಕರು. ನಕ್ಕವರೂ ಬಾಗಿಲಿಗೆ ಬಂದು ನಿಂತರು. ಅವಳು ಹಲಗೆ ನಿಲ್ಲಿಸಿ ಆದೇಶ ಓದಿದಳು, ಹೆಸರಿನ ಜಾಗದಲ್ಲಿ ‘ನಮ್ಮ ಅತ್ತಿ’ ಎಂದು ಹೇಳಿ ದ್ಯಾಮವ್ವನ ಅರ್ಜಿಯನ್ನು ಓದಿದಳು, ಆಮೇಲೆ ಸಾಕ್ಷಿಗಳ ಹೆಸರುಗಳು. ಈರಮ್ಮ, ಕಮ್ಮಾರ ಓಣಿ, ಮನೆ ನಂಬರ್ 61. ಸದರಿಯವರು ನಾಳೆ ಹನ್ನೊಂದಕ್ಕೆ ಹಾಜರಾಗತಕ್ಕದ್ದು.

ಎರಡನೆಯ ಓಣಿಯಲ್ಲಿ ಖಾಜಾಬಿ ಬಳೆಯ ಮಲಾರ ಇಳಿಸಿ ಫೋನು ತೆಗೆದಳು. ಅವಳ ಬಳಗದ ಮೆಹರುನ್ನೀಸಾ ಇದ್ದದ್ದೂ ಕಮ್ಮಾರ ಓಣಿಯ 61ರಲ್ಲೇ. ಪಕ್ಕದ ಮನೆಯ ಮಾಸ್ತರರಿಗೆ ಅದೇ 61ರಲ್ಲಿ ಒಬ್ಬ ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕ ಸಿಕ್ಕಿದ್ದ. ಕೆಡವಿದ ನೂರ ಮೂವತ್ತೆಂಟು ಮನೆಗಳಲ್ಲಿ ಇಡೀ ಒಳಪೇಟೆಯ ಬೆಂಬಲಿಗರು, ಲಕ್ಷಗಟ್ಟಲೆ ದನಿಗಳು, ಕಿಕ್ಕಿರಿದು ವಾಸವಾಗಿದ್ದವು. ಜನ ಓಣಿಯ ನಡುವೆ ನಿಂತು ಒಬ್ಬರ ಪರದೆಯನ್ನು ಇನ್ನೊಬ್ಬರಿಗೆ ಹಿಡಿದು ತೋರಿಸಿದರು. ಕೆಲವರು ತಲೆ ತಗ್ಗಿಸಿದರು. ಮಾಸ್ತರರು, ಆ ಪ್ರಾಧ್ಯಾಪಕರಿಗೆ ನನ್ನ ಕವಿತೆಗಳೆಲ್ಲ ಹಿಡಿಸಿದ್ದವು ಎಂದು ಮೆಲ್ಲಗೆ ಅಂದರು. ಖಾಜಾಬಿ, ನಮಗೂ ಓದಿ ಹೇಳ್ರಿ ಮಾಸ್ತರ್, ಹಿಡಿಸದಿದ್ರ ಮುಖಕ್ಕ ಹೇಳ್ತೀವಿ ಎಂದಳು. ಆಗ ಎಲ್ಲರೂ ನಕ್ಕರು.

ಸಂಜೆಯ ಹೊತ್ತಿಗೆ ಹುಲಿಗೆಮ್ಮನ ಅಂಗೈ ಬಾತಿತ್ತು. ಆದರೆ ಅವಳ ಚಿಂತೆ ಬೇರೆಯಿತ್ತು. ಕೆಂಚನಗಟ್ಟಿಯ ಕೋರ್ಟಿನಲ್ಲಿ ಒಂದು ರೂಢಿ ಉಂಟು. ಬಾಗಿಲಲ್ಲಿ ಹೆಸರು ಕೂಗಿದಾಗ ಪಕ್ಷಗಾರ ಬಂದಿರದಿದ್ದರೆ, ಅವನ ಓಣಿಯವರು ಯಾರಾದರೂ ‘ಅದಾರ್ರೀ, ಬಂದ್ರು’ ಎಂದುಬಿಡುತ್ತಾರೆ. ಮೂರು ಕೂಗಿಗೂ ಉತ್ತರವಿಲ್ಲದಿದ್ದರೆ ಪ್ರಕರಣ ಕೈತಪ್ಪುತ್ತದೆಂಬ ಭಯಕ್ಕೆ, ಕರುಣೆಗೆ, ನೂರು ವರ್ಷದಿಂದ ಬಂದ ಅಭ್ಯಾಸ. ನಾಳೆಯೂ ಯಾರಾದರೂ ದ್ಯಾಮವ್ವನಿಗೆ ಸಹಾಯ ಮಾಡಲು ಹೋಗಿ ಈರಮ್ಮನ ಪರವಾಗಿ ಹೂಂಗುಟ್ಟಿದರೆ, ಈರಮ್ಮ ಇದ್ದಾಳೆಂದು ದಾಖಲಾಗುತ್ತದೆ. ಕಂಪನಿಯ ವಕೀಲರಿಗೆ ಅಷ್ಟೇ ಸಾಕು. ಅವಳು ಮತ್ತೆ ಓಣಿ ಓಣಿಗೆ ಹೋಗಿ ಹೇಳಿದಳು: ನಾಳೆ ಬರ್ರಿ, ಎಲ್ಲಾರೂ ಬರ್ರಿ, ಆದ್ರ ಬಾಯಿ ಮುಚ್ಚಿಕೊಂಡು ನಿಲ್ರಿ.

ಶುಕ್ರವಾರ ಹನ್ನೊಂದರ ಹೊತ್ತಿಗೆ ಕೋರ್ಟಿನ ಅಂಗಳ ತುಂಬಿ, ಗೇಟು ದಾಟಿ, ಜನ ರಸ್ತೆಯಲ್ಲಿ ನಿಂತಿದ್ದರು. ಶಿರಸ್ತೇದಾರರು ಎಣಿಸಿ ಸಾವಿರದ ನೂರ ಆರು ಎಂದು ಬರೆದುಕೊಂಡರು. ಕಂಪನಿಯ ವಕೀಲರು ಪರದೆಯ ಮೇಲೆ ಹೊಸ ವಾದ ಮಂಡಿಸಿದರು. ಚಾವಡಿ ಎಲ್ಲಿಯೂ ‘ಜನ’ ಎಂದು ಹೇಳಿಲ್ಲ, ‘ಪ್ರತಿಸ್ಪಂದನೆ’ ಎಂದಿದೆ. ಅರ್ಜಿದಾರಳು ತಾನಾಗಿಯೇ ತಪ್ಪು ತಿಳಿದಿದ್ದಾಳೆ. ಮೇಲಾಗಿ ಆ ವಿಳಾಸದವರು ಬೇರೆಡೆ ವಾಸವಿದ್ದು ಇಂದು ಹಾಜರಾಗಲೂಬಹುದು. ನ್ಯಾಯಾಧೀಶೆ ಕೂಗಲು ಸೂಚಿಸಿದರು.

ಹುಲಿಗೆಮ್ಮ ಬಾಗಿಲಲ್ಲಿ ನಿಂತಳು. ಪ್ರತಿ ಹೆಸರನ್ನೂ ಮೂರು ಸಲ. ಪ್ರತಿ ಕೂಗಿನ ನಂತರ ಎರಡು ಉಸಿರಿನಷ್ಟು ಬಿಡುವು. ಒಟ್ಟು ಒಂಬೈನೂರ ಮೂವತ್ತಾರು ಕೂಗು.

ಮೊದಲ ಹೆಸರು ಈರಮ್ಮನದು. ಮೊದಲ ಕೂಗು ಅಂಗಳದ ಮೇಲೆ ಹಾದು ಬೈಪಾಸಿನ ಕಡೆಗೆ ಹೋಯಿತು. ಯಾರೂ ಅಲುಗಲಿಲ್ಲ. ಎರಡನೆಯ ಕೂಗಿಗೆ ಹುಲಿಗೆಮ್ಮ ಅತ್ತೆಯನ್ನು ನೋಡಿದಳು. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತಿದ್ದ ದ್ಯಾಮವ್ವ ಬಾಯಿ ತೆರೆದಿದ್ದಳು. ಆರು ವರ್ಷ ದಿನಾ ಉಂಡಿಯಾ ಎಂದು ಕೇಳಿದ ದನಿ ಅದು. ಗಂಡ ಸತ್ತಾಗ ಜೊತೆಗೆ ಅತ್ತಿತ್ತು. ಬಂದ್ಲು, ಬರಾಕತ್ತಾಳ ಎನ್ನಲು ಒಂದು ಕ್ಷಣ ಸಾಕಿತ್ತು. ಮೂರನೆಯ ಕೂಗಿಗೆ ದ್ಯಾಮವ್ವ ಸೆರಗಿನ ತುದಿ ಎತ್ತಿ ಬಾಯಿಗೆ ಒತ್ತಿಕೊಂಡಳು. ಎರಡು ಉಸಿರು ಕಳೆದವು. ಹಾಜರಿಲ್ಲ ಎಂದು ಶಿರಸ್ತೇದಾರರು ಬರೆದರು.

ಎರಡೂವರೆ ಗಂಟೆ ಹಾಗೆ ನಡೆಯಿತು. ಬಿಸಿಲು ಏರಿತು. ಹುಲಿಗೆಮ್ಮನ ದನಿ ಒಡೆಯಿತು, ಯಾರೋ ನೀರು ಕೊಟ್ಟರು, ಮತ್ತೆ ಕೂಗಿದಳು. ಇರದ ಜನರ ಹೆಸರುಗಳು ಒಂದಾದ ಮೇಲೊಂದು ಬಂದವು. ಇರುವ ಜನ, ಸಾವಿರದ ನೂರ ಆರು ಮಂದಿ, ಭುಜಕ್ಕೆ ಭುಜ ತಾಗಿಸಿ ನಿಂತು ಉತ್ತರ ಕೊಡಲಿಲ್ಲ. ಚಾವಡಿ ಆರು ವರ್ಷ ಈ ಊರಿಗೆ ಕೊಡದ ಒಂದು ವಸ್ತುವನ್ನು ಊರು ತಾನೇ ಮಾಡಿಕೊಂಡಿತ್ತು: ಎಲ್ಲರೂ ಒಟ್ಟಿಗೆ ಕೇಳಿಸಿಕೊಂಡ ಮೌನ. ಪರದೆಯ ಮೇಲಿನ ವಕೀಲರು ಕಾಲರು ಸಡಿಲಿಸಿಕೊಂಡರು. ಎದುರಿನ ತಾಲ್ಲೂಕು ಕಚೇರಿಯ ಮಹಡಿಯ ಕಿಟಕಿಯಲ್ಲಿ ಆಲ್ವಿನ್ ಕೈ ಕಟ್ಟಿ ನಿಂತಿದ್ದ.

ಕೊನೆಯ ಹೆಸರಿನ ಮೂರನೆಯ ಕೂಗಿಗೂ ಉತ್ತರ ಬರದಾದಾಗ ನ್ಯಾಯಾಧೀಶೆ, ಇನ್ನು ಅರ್ಜಿದಾರರನ್ನು ಕರೆಯಿರಿ ಎಂದರು.

ಹುಲಿಗೆಮ್ಮ ಅತ್ತೆಯ ಹೆಸರನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಮಡಿವಾಳರ ದ್ಯಾಮವ್ವ, ಘಟ್ಟದ ಓಣಿ, ಮನೆ ನಂಬರ್ 7.

“ಅದೀನಿ,” ಎಂದಳು ದ್ಯಾಮವ್ವ, ಕುರ್ಚಿಯ ತೋಳು ಹಿಡಿದು ಎದ್ದು ನಿಲ್ಲುತ್ತ. “ಒಂದ ಸಲ ಕೂಗಿದ್ರ ಸಾಕು.”

ನ್ಯಾಯಾಧೀಶೆಯ ಆದೇಶ ಉದ್ದವಿರಲಿಲ್ಲ. ಆಕ್ಷೇಪಣೆಯನ್ನು ಸ್ವೀಕರಿಸುವುದೆಂದರೆ ಜೀವಂತ ವ್ಯಕ್ತಿಗಳಿಗೆ ಅದು ತಲುಪುವುದು. ಕೆಂಚನಗಟ್ಟಿಯ ಆಕ್ಷೇಪಣೆಗಳು ಯಾರಿಗೂ ತಲುಪಿಲ್ಲ. ಆದ್ದರಿಂದ ಮೂವತ್ತು ದಿನಗಳ ಅವಧಿ ಇನ್ನೂ ಆರಂಭವೇ ಆಗಿಲ್ಲ. ಆರಂಭವಾಗುವುದು ಆಕ್ಷೇಪಣೆಗಳನ್ನು ಊರಿನ ನಡುವೆ ಗಟ್ಟಿಯಾಗಿ ಓದಿದ ದಿನದಿಂದ. ಅಲ್ಲಿಯವರೆಗೆ ಕೆರೆಯಿಂದ ಒಂದು ಕೊಡ ನೀರನ್ನೂ ಎತ್ತುವಂತಿಲ್ಲ. ಮೇಲ್ಮನವಿ ಹಾಕುತ್ತೇವೆ ಎಂದು ವಕೀಲರು ಹೇಳಿ ಪರದೆಯಿಂದ ಮರೆಯಾದರು. ಹಾಕುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೇಲಿನ ಕೋರ್ಟಿಗೂ ಮುನ್ನೂರ ಹನ್ನೆರಡು ಷರಾಗಳು ಹೋಗುತ್ತವೆ ಎಂಬುದು ಹುಲಿಗೆಮ್ಮನಿಗೆ ಗೊತ್ತಿತ್ತು.

ಆಗ ಅಂಗಳದಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಮೆಹರುನ್ನೀಸಾ, ಪ್ರಾಧ್ಯಾಪಕ, ಗಾಣಿಗರ ಓಣಿಯವಳು, ಎಲ್ಲರೂ ಸಂತೋಷದಲ್ಲಿದ್ದರು. ದ್ಯಾಮವ್ವನ ಉಡಿಯಲ್ಲಿ ಈರಮ್ಮನ ದನಿ ಕೇಳಿಸಿತು: “ಗೆದ್ದಿವಿ ದ್ಯಾಮವ್ವಾ! ದಣದೀಯವ್ವಾ, ಇನ್ನ ಮನಿಗೆ ಹೋಗಿ ಆರಾಮ ಮಾಡು. ನಾವು ಅದೀವಿ.”

ದ್ಯಾಮವ್ವ ಅದನ್ನು ಪೂರ್ತಿ ಕೇಳಿದಳು. ಫೋನನ್ನು ಕುರ್ಚಿಯ ಮೇಲೆ ಮೆಲ್ಲಗೆ ಅಂಗಾತ ಇಟ್ಟು, ಸೊಸೆಯ ಭುಜ ಹಿಡಿದು ಜನರ ಕಡೆಗೆ ತಿರುಗಿದಳು.

“ಯಾರ್‍ಯಾರು ಉಂಡಿಲ್ಲ?”

ಘಟ್ಟದಲ್ಲಿ ಬೆಳಗ್ಗೆಯೇ ಒಲೆ ಹೂಡಿದ್ದ ಮಾಚಪ್ಪ ಮುನ್ನೂರ ಹನ್ನೆರಡು ಮಂದಿಗೆಂದು ಅಕ್ಕಿ ಹಾಕಿದ್ದ. ಅದು ಸಾಲುವುದಿಲ್ಲವೆಂದು ತಿಳಿದು ಖಾಜಾಬಿ, ಮಾಸ್ತರರ ಹೆಂಡತಿ, ದುರುಗಪ್ಪನ ಸೊಸೆ ತಮ್ಮ ತಮ್ಮ ಮನೆಯ ಕಡೆಗೆ ತಿರುಗಿ, ಅಕ್ಕಿ ಬೇಳೆ ಹೊತ್ತು ಮತ್ತೆ ಬಂದರು. ಉಳಿದವರು ದ್ಯಾಮವ್ವನ ನಡಿಗೆಯ ವೇಗಕ್ಕೆ ಸರಿಯಾಗಿ ಬೈಪಾಸಿನ ಮೇಲೆ, ನಂಬರ್ 61 ಇದ್ದ ಜಾಗವನ್ನು ದಾಟಿಕೊಂಡು, ಕೆರೆಯತ್ತ ನಡೆದರು. ಅರ್ಧ ಗಂಟೆ ಲಾರಿಗಳು ಕಾಯಬೇಕಾಯಿತು.

ಆರಾಮ ಮಾಡಲು ಯಾರೂ ಮನೆಗೆ ಹೋಗಲಿಲ್ಲ.